ಸಾಹುಕಾರರು ಮಡಿಕೆ ಬದಲಿಸಿದ ಶುಕ್ರವಾರ

ಗಜೇಂದ್ರಗಡದಲ್ಲಿ ನನ್ನ ಮೊಬೈಲ್ ಅಂಗಡಿಯ ಪಕ್ಕದಲ್ಲೇ ಸೀರೆ ಅಂಗಡಿ ಇಟ್ಟಿದ್ದ ಸಾಹುಕಾರರ ಕೈ ಸುಮ್ಮನಿರುತ್ತಿರಲಿಲ್ಲ. ಗಿರಾಕಿ ಇರಲಿ ಬಿಡಲಿ, ಕಪಾಟಿನಿಂದ ಒಂದು ರೇಷ್ಮೆ ಸೀರೆ ಎಳೆದು, ಕೊಡವಿ, ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಚಿಡುತ್ತಿದ್ದರು. "ಒಂದ ಮಡಿಕ್ಯಾಗ ಭಾಳ ದಿನ ಇಟ್ರ ಸೀರಿ ಅಲ್ಲೇ ಹರೀತೈತ್ರಿ. ಮಡಿಕಿ ಬದಲಸಬೇಕು," ಎನ್ನುವುದು ಅವರ ನಿತ್ಯದ ಮಾತು.

ಅಗ್ಗವಿದ್ದಾಗ ತಮಾಷೆಗೆಂದು ಕೊಂಡ ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯಗಳು ಅವರ ಫೋನಿನಲ್ಲಿದ್ದವು. ಮುಂದೆ ಬರುವ, ಭಾರೀ ಶಕ್ತಿಯ ಕ್ವಾಂಟಮ್ ಕಂಪ್ಯೂಟರ್ ಅವುಗಳ ಹಳೆಯ ಬೀಗ ಮುರಿಯಬಹುದು, ಅವರದೇ ಇನ್ನೊಂದು ಹೊಸ ವಿಳಾಸಕ್ಕೆ, ಅಂದರೆ ಹೊಸ ಖಾತೆಯಂಥದ್ದಕ್ಕೆ, ಸಾಗಿಸಿದರೆ ಭಯ ಕಡಿಮೆ ಎಂದು ನಾನು ಹೇಳಿದೆ.

"ಅಂದ್ರ ಮಡಿಕಿ ಬದಲಸೂದು! ಲಗೂ ಬರ್ರಿ," ಎಂದು ಮನೆಗೇ ಎಳೆದೊಯ್ದರು.

ಫೋನಿನಲ್ಲಿ ‘ಕಳಿಸು’ ಗುಂಡಿ ಒತ್ತಬೇಕು, ಅಷ್ಟರಲ್ಲಿ ಅವರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದರು. "ಶುಕ್ರವಾರ ಲಕ್ಷ್ಮಿನ್ನ ಮನಿ ಬಿಟ್ಟು ಕಳಸ್ತೀರೇನ್ರಿ?"

ಸಾಹುಕಾರರ ಬೆರಳು ನಿಂತಿತು. ಆ ಮನೆಯಲ್ಲಿ ಶುಕ್ರವಾರ ಹಾಲಿನವನಿಗೂ ರೊಕ್ಕ ಕೊಡುತ್ತಿರಲಿಲ್ಲ.

"ಎಲ್ಲಿ ಕಳಸಾಕತ್ತೇನಿ? ಕಪಾಟ ನಮ್ದ, ಸೀರಿ ನಮ್ದ. ಮಡಿಕಿ ಅಷ್ಟ ಬ್ಯಾರೆ," ಎಂದವರೇ ಒತ್ತಿಬಿಟ್ಟರು.

ಉಪ್ಪಿಟ್ಟು, ಚಹಾ ಮುಗಿಯುವ ಹೊತ್ತಿಗೆ ನಾಣ್ಯಗಳು ಹೊಸ ವಿಳಾಸ ಸೇರಿದ್ದವು. ಆಕೆ ಫೋನಿಗೆ ಕುಂಕುಮ ಹಚ್ಚಿ ಆರತಿ ಎತ್ತಿದರು. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಅದೇ ಫೋನು ನನ್ನ ಅಂಗಡಿಗೆ ಬಂತು. ಮಾತಾಡಿದರೆ ಆ ಕಡೆಯವರಿಗೆ ಕೇಳುತ್ತಿಲ್ಲ. ಮೈಕಿನ ತೂತಿನ ತುಂಬ ಕುಂಕುಮ. ನಾನು ಬ್ರಷ್ ಎತ್ತಿದೆ. ಸಾಹುಕಾರರು ನನ್ನ ಕೈ ಹಿಡಿದರು.

"ಬ್ಯಾಡ್ರಿ, ಮಾತಾಡಾಕ ಬ್ಯಾರೆ ಫೋನ್ ತೊಗೋತೀನಿ. ಅದು ನಮ್ಮನಿಯಾಕಿ ಲಕ್ಷ್ಮಿಗೆ ಹಾಕಿದ ಬೀಗ."