ಒಲೆ ಕಂಡ ಕಡಲಿನ ಕಲ್ಲು

ಪೂರ್ವಿ, ಚೇತನ್, ಈ ವಾರ ಬರೆಯುತ್ತಿರುವುದು ನನ್ನದೇ ಒಂದು ತಪ್ಪು. ಪೂರ್ವಿಗೆ ಗೊತ್ತು. ಚೇತನ್, ನಿನಗೆ ಗೊತ್ತಿಲ್ಲ.

ಸಮುದ್ರದ ತಳದ ಕಲ್ಲುಗಳನ್ನು ಪರೀಕ್ಷಿಸುವ ನಿನ್ನಕ್ಕ ಪೂರ್ವಿ ಹಡಗಿಳಿದು, ಮಂಗಳೂರಿನಿಂದ ಲ್ಯಾಬಿಗೆ ಹೋಗುವ ದಾರಿಯಲ್ಲಿ ಒಂದು ಬೆಳಿಗ್ಗೆ ಹೆತ್ತೂರಿನ ನಮ್ಮ ಮನೆಗೆ ಬಂದಳು. ಬ್ಯಾಗು ಮಳೆಗೆ ತೊಯ್ದಿತ್ತು. ಅವಳು ಮಲಗಿದಾಗ ಎಲ್ಲವನ್ನೂ ಹಂಡೆ ಒಲೆಯ ಮುಂದೆ ಹರವಿದೆ. (ಆಷಾಢದಲ್ಲಿ ನಮ್ಮಲ್ಲಿ ಒಲೆಗೆ ತೋರಿಸದೆ ಏನನ್ನು ಎತ್ತಿಡುತ್ತೇವೆ? ಸ್ಕೂಲ್ ಪುಸ್ತಕವನ್ನೂ ಬಿಡುವುದಿಲ್ಲ.) ಡಬ್ಬಿಯೊಂದರಲ್ಲಿ ಗಾಜಿನಂತೆ ಹೊಳೆಯುವ ಕರಿ ಕಲ್ಲಿತ್ತು. ಅದೂ ಒದ್ದೆ. ಕೆಂಡದ ಬೂದಿಯಲ್ಲಿ ಹೂತಿಟ್ಟೆ. ಎರಡು ಸಲ ಚಟ್ ಎಂದಿತು. ಸೌದೆ ಇರಬೇಕು ಅಂದುಕೊಂಡೆ. ಆರಿದ ಮೇಲೆ ಒರೆಸಿ ಡಬ್ಬಿಗೆ ಹಾಕಿದೆ.

ಊಟವಾದ ಮೇಲೆ ಪೂರ್ವಿ ಅದನ್ನೇ ತಂದು ನನ್ನ ಕೈಗಿಟ್ಟಳು.

"ಅಜ್ಜಿ, ಇದು ಸಮುದ್ರದಡಿ ಉಕ್ಕಿದ ಜ್ವಾಲಾಮುಖಿ ಕಲ್ಲು. ಇದರೊಳಗೆ ಭೂಮಿ ಹುಟ್ಟಿದಾಗಿನ ಹೀಲಿಯಂ ಐತೆ. ಯಾವುದರ ಜೊತೆಗೂ ಸೇರದ ಗಾಳಿ. ಮದುವೆ ಮನೇಲಿ ನೀನು ಮೂಲೇಲಿ ಕೂರ್ತೀಯಲ್ಲ, ಹಂಗೆ."

ನನಗೆ ನಗಲಾಗಲಿಲ್ಲ. ಹೀಲಿಯಂನಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆಯಂತೆ. ಹಗುರದ್ದು ಹೆಚ್ಚಿದ್ದರೆ ಕಲ್ಲು ಭೂಮಿಯ ತೀರಾ ಹಳೆಯ ಒಡಲಿನಿಂದ ಬಂದದ್ದಂತೆ. ಅದನ್ನು ಅಳೆಯಲೆಂದೇ ಅವಳ ಎರಡು ವರ್ಷದ ಓಡಾಟ.

"ಕಾಯಿಸಿದ್ರೆ?" ಅಂದೆ.

"ಗಾಳಿ ಹೊರಟೋಗ್ಬುಡುತ್ತೆ. ಯಾಕೆ?"

"ಸುಮ್ನೆ ಕಣೆ."

ಸುಮ್ಮನೇ ಇರಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ನಿಮ್ಮ ತಾತ ಇದ್ದಾಗ ತಪ್ಪು ಹೇಳಿಕೊಳ್ಳಲು ಒಬ್ಬರಿದ್ದರು. ಈಗ ನುಂಗಿಕೊಳ್ಳುವುದು ಅಭ್ಯಾಸವಾಗಿದೆ.

ಸಂಜೆ ಅವಳು ಬಸ್ಸಿಗೆ ಹೊರಟಾಗ ಮತ್ತೆ ಕೇಳಿದೆ, "ಗಾಳಿ ಹೋಗಿದ್ರೆ ನಿಮಗೆ ಗೊತ್ತಾಗಲ್ವಾ?"

"ಹಗುರದ್ದು ಮೊದಲು ಓಡೋಗುತ್ತೆ. ಅಳತೆ ತಪ್ಪು ಬರುತ್ತೆ. ನಾವು ಕಲ್ಲೇ ಅಂಥದ್ದು ಅಂತ ಬರ್ಕೊಂತೀವಿ."

ನನ್ನಿಂದ ಅವಳ ಬರಹದಲ್ಲಿ ಸುಳ್ಳು ಸೇರುವುದೇ? ಹೇಳಿಬಿಟ್ಟೆ.

ಪೂರ್ವಿ ಬ್ಯಾಗಿನಿಂದ ಡಬ್ಬಿ ತೆಗೆದು ಕಲ್ಲನ್ನು ತಿರುಗಿಸಿ ನೋಡಿದಳು. "ಅದೇ ಜಾಗದ್ದು ಇನ್ನೊಂದು ತುಂಡು ಐತೆ ಬಿಡು. ಸಣ್ಣದು," ಅಂದಳು. ದನಿ ಇಳಿದಿತ್ತು. ಆಮೇಲೆ, "ಹೇಳದೆ ಕಳಿಸಿದ್ರೆ ನನ್ನ ಕೆಲಸ ಎಲ್ಲ ಕೆಟ್ಟೋಗ್ತಿತ್ತು ಮಾರಾಯ್ತಿ."

ಕಲ್ಲನ್ನು ಡಬ್ಬಿ ಸಮೇತ ನನ್ನ ಬಳಿಯೇ ಬಿಟ್ಟು ಹೋದಳು.

ಮಕ್ಕಳೇ, ಈ ಹಾಳೆಗಳನ್ನು ಅದೇ ಡಬ್ಬಿಯಲ್ಲಿ ಜೋಪಾನವಾಗಿಡಿ. ಮುಂದೆ ಯಾರಾದರೂ ಆ ಕಲ್ಲನ್ನು ಅಳೆಯಲು ಹೊರಟರೆ, ಅದು ನನ್ನ ಒಲೆ ಕಂಡಿದೆ ಎಂದು ಬೇರೆ ಯಾರು ಹೇಳುತ್ತಾರೆ?