ಚಪ್ಪಲಿ ಹೊರಗೆ ಬಿಡುವ ಅಂಗಡಿ

ಒರೆಸಿದ ನೆಲದ ಫಿನಾಯಿಲ್ ವಾಸನೆ ಬಂದರೆ ಈಗ ನನ್ನ ಕಾಲುಗಳು ತಾವಾಗಿಯೇ ನಿಲ್ಲುತ್ತವೆ. ಇವತ್ತು ಬೆಳಿಗ್ಗೆಯೂ ಬಸವಕಲ್ಯಾಣದ ಅಕ್ಕನ ಅಂಗಡಿಯ ಹೊಸ್ತಿಲಲ್ಲಿ ಹಾಗೇ ನಿಂತೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇದ್ದರೆ ನನ್ನನ್ನು ನೋಡಿ ನಗಲಾರಿರಿ.

ಅಕ್ಕ ಮದುವೆ ಕಾರ್ಡು ಮಾಡುತ್ತಾಳೆ, ಕನ್ನಡದಲ್ಲಿ, ಮರಾಠಿಯಲ್ಲಿ, ಎಲ್ಲವನ್ನೂ ಒಂದೇ ಹಳೆಯ ಕಂಪ್ಯೂಟರಿನಲ್ಲಿ. ಅದರಲ್ಲಿರುವ ಅವಳ ಅಕ್ಷರ, ಬಳ್ಳಿ, ಗಣಪತಿಯ ಚಿತ್ರ ಯಾವುದೂ ಹೊಸ ಯಂತ್ರಗಳಲ್ಲಿ ತೆರೆಯುವುದಿಲ್ಲ. ಆ ಕಂಪ್ಯೂಟರಿನಲ್ಲಿ ಲಕ್ಷ್ಮಿ ಇದ್ದಾಳೆಂದು ಬಂದವರೆಲ್ಲ ಚಪ್ಪಲಿ ಹೊರಗೇ ಬಿಡಬೇಕು. ಶಹಾಬಾದಿ ಕಲ್ಲಿನ ನೆಲ ಒರೆಸಿ, ಬರಿಗಾಲಲ್ಲಿ ನಿಂತು, ಊದಿನಕಡ್ಡಿ ಬೆಳಗಿ ಅವಳು ಸ್ವಿಚ್ ಹಾಕುತ್ತಿದ್ದಳು. ಅಂಗಡಿಯ ಅರ್ಥಿಂಗ್, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ, ಯಾವ ಕಾಲಕ್ಕೋ ಕೆಟ್ಟಿದ್ದರಿಂದ ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಮುಟ್ಟಿದರೆ ಬೆರಳು ಝುಂ ಎನ್ನುತ್ತಿತ್ತು. "ಮುಟ್ಟಬ್ಯಾಡ್ರಿ, ನಮ್ಮ ಲಕ್ಷ್ಮಿ ಚಿವುಟತಾಳ" ಎಂದು ಗಿರಾಕಿಗಳಿಗೆ ಹೇಳಿ, ತಾನೇ ಮುಟ್ಟಿ, ಗಡಗಡ ನಡುಗುವ ನಾಟಕ ಆಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಭೌತಶಾಸ್ತ್ರ ಓದಿ ಪದವಿ ಪಡೆದ ನಾನೂ.

ಮದುವೆಯ ಹಂಗಾಮು ಶುರುವಾಗುವಷ್ಟರಲ್ಲಿ ಅದರ ಮದರ್‌ಬೋರ್ಡ್ ಸತ್ತಿತು. ಊರಲ್ಲಿ ಕೇಳಿದಲ್ಲೆಲ್ಲ ಒಂದೇ ಮಾತು: "ಇದು ಈಗ ಬರಲ್ರಿ, ಹೊಸಾ ಕಂಪ್ಯೂಟರೇ ತಗೋರಿ." ಹೊಸದು ಅವಳ ಕೈಗೆ ಎಟುಕುವಂಥದಲ್ಲ. ಒಪ್ಪಿಕೊಂಡ ಕಾರ್ಡುಗಳು ತಪ್ಪಿದರೆ ಗಿರಾಕಿಗಳು ಹೋಗುತ್ತಾರೆ, ಅವರ ಹಿಂದೆ ಅಂಗಡಿಯೂ. ಡಬ್ಬಿಯನ್ನು ಹಳೇ ಸೀರೆಯಲ್ಲಿ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಹುಮನಾಬಾದಿಗೆ ಹೋದೆವು. "ಕೂಸಿಗೆ ಟಿಕೆಟ್ ಬ್ಯಾಡೇನ್ರಿ?" ಎಂದ ಕಂಡಕ್ಟರ್.

ಅಲ್ಲಿ ಹಳೇ ಸಾಮಾನಿನ ಅಂಗಡಿಯವನು ರಾಶಿಯಿಂದ ಒಂದು ಬೋರ್ಡ್ ಎಳೆದು, ಬ್ರಷ್ಷಿನಿಂದ ಧೂಳು ಝಾಡಿಸಿದ.

"ಮುದುಕ ಅದಾನ್ರಿ ಅಕ್ಕೋರ. ಆದ್ರ ದಮ್ ಅದ."

"ಮುದುಕಗ ಇಷ್ಟ್ ರೇಟ್ ಯಾರ ಕೊಡ್ತಾರ?" ಅಕ್ಕ ಎದ್ದೇಬಿಟ್ಟಳು. ಅವನು ಕರೆದು ಕೂರಿಸಿ, ಅವಳು ಹೇಳಿದಷ್ಟಕ್ಕೇ ಕೊಟ್ಟ. ಅಲ್ಲೇ ಕೂಡಿಸಿ, ತನ್ನ ಪರದೆಗೆ ಜೋಡಿಸಿದ. ಅದರ ಮೇಲೆ ಗಣಪತಿ ಮೂಡಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೆಖೆ ಎಂದಳು.

ಮರುದಿನ ಬೆಳಿಗ್ಗೆ ನಾನು ಚಹಾ ಹಿಡಿದು ಹೊಸ್ತಿಲಿಗೆ ಬಂದಿದ್ದೆ. ಕಾರ್ಡಿಗಾಗಿ ಮುಡಬಿ ಊರಿನಿಂದ ಬಂದ ಮುದುಕರೊಬ್ಬರು ಒಳಗೆ ಕುಳಿತಿದ್ದರು. ಅಕ್ಕ ಒದ್ದೆ ನೆಲದ ಮೇಲೆ ನಿಂತು ಸ್ವಿಚ್ ಹಾಕಿ, ಡಬ್ಬಿಯ ಮೇಲೆ ಕೈಯಿಟ್ಟಳು. ನಡುಗತೊಡಗಿದಳು.

ಮುದುಕರು ನಕ್ಕರು. "ಏನವ್ವಾ, ಇವತ್ತ ನಿನ್ನ ಲಕ್ಷ್ಮಿ ಭಾಳ ಜೋರ ಚಿವುಟಾಕತ್ತಾಳಲ್ಲ."

ನಾನೂ ನಗುವವನಿದ್ದೆ. ಆದರೆ ನಾಟಕ ಆಡುವಾಗ ಅಕ್ಕನ ಬಾಯಿ ಸುಮ್ಮನಿರುತ್ತಿರಲಿಲ್ಲ, ಆಗ ಸುಮ್ಮನಿತ್ತು. ಚಹಾ ಎಲ್ಲಿ ಬಿತ್ತೋ, ರಬ್ಬರ್ ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ ಗೋಡೆಯ ಮೇನ್ ಸ್ವಿಚ್ ಆರಿಸಿದೆ. ಅವಳು ಕುಸಿದಳು. ಮುದುಕರ ಮುಖದಲ್ಲಿ ಆ ನಗು ಇನ್ನೂ ಉಳಿದಿತ್ತು. ತೆಗೆಯುವುದು ಹೇಗೆಂದು ಅವರಿಗೆ ತೋಚಿರಲಿಲ್ಲ. ಈಗಲೂ ನನ್ನ ಕಣ್ಣಿಗೆ ಬರುವುದು ಅದೇ.

ಹುಮನಾಬಾದಿನಿಂದ ತಂದ ಡಬ್ಬಿಯನ್ನು ವಾಪಸ್ ಇಡುವಾಗ ಅದರ ಅಂಚು ಕರೆಂಟಿನ ವೈರಿನ ಮೇಲೆ ಕೂತು, ಹೊದಿಕೆ ಹರಿದು, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಇಷ್ಟೇ ಸಂಗತಿ. ಅಂಗೈಯ ಮೇಲೊಂದು ಸುಟ್ಟ ಗುರುತು ಬಿಟ್ಟರೆ ಅಕ್ಕನಿಗೇನೂ ಆಗಲಿಲ್ಲ. ಕಣ್ಣು ಬಿಟ್ಟವಳ ಮೊದಲ ಮಾತು: "ಚಪ್ಪಲಿ ಹಾಕ್ಕೊಂಡು ಒಳಗ ಬಂದೀಯಲ್ಲೋ."

ಈಗ ಅರ್ಥಿಂಗ್ ಸರಿಯಾಗಿದೆ, ಹೊಸ ವೈರು ಬಂದಿದೆ, ಹುಮನಾಬಾದಿನಿಂದ ತಂದ ಆ ಮುದುಕ ಬೋರ್ಡಿನಲ್ಲಿ ಇನ್ನೂ ದಮ್ ಇದೆ. ನಾನು ಮಾತ್ರ ಅಂದಿನಿಂದ ಚಹಾವನ್ನು ಹೊರಗಿನಿಂದಲೇ ಒಳಗೆ ನೀಡುತ್ತಿದ್ದೆ. ಇವತ್ತು ಅಕ್ಕ ಊದಿನಕಡ್ಡಿ ಬೆಳಗಿದಳು, ಮೇಜಿನ ಕೆಳಗಿನ ನೀಲಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡಳು, ಆಮೇಲೆ ಸ್ವಿಚ್ ಹಾಕಿದಳು.

"ಯಾಕ ಅಲ್ಲೇ ನಿಂತಿ?"

"ನೆಲ ಹಸಿ ಅದ."

"ಹಾಕ್ಕೊಂಡೇ ಬಾ. ಲಕ್ಷ್ಮಿಗೆ ನಾ ಹೇಳೀನಿ."

ಚಪ್ಪಲಿ ಕಾಲಲ್ಲೇ ಒಳಗೆ ಹೋದೆ. ಡಬ್ಬಿಯಿಂದ ದೂರದ ಕುರ್ಚಿಯಲ್ಲಿ ಕುಳಿತೆ.