ಒಂದೇ ದಿಮ್ಮಿಯ ಇಪ್ಪತ್ತು ಹಾಳೆ

ಲಾಕ್‌ಡೌನ್ ಮುಗಿದ ಮರುವರ್ಷ. ಗೋಕಾಕದ ನನ್ನ ಫರ್ನಿಚರ್ ವರ್ಕ್‌ಶಾಪಿಗೆ ಮೂಡಲಗಿ, ಹುಕ್ಕೇರಿ ಕಡೆಯಿಂದಲೂ ಕೆಲಸ ಬರುತ್ತಿತ್ತು. ಅಳತೆಯನ್ನು ಮೂರು ಸಲ ತೆಗೆದು, ಮನೆಗೆ ಬಂದ ಮೇಲೆ ಫೋನ್ ಮಾಡಿ ನಾಲ್ಕನೆಯ ಸಲ ತೆಗೆಸುವುದು ನನ್ನ ಪದ್ಧತಿ. ಟೇಪನ್ನೂ ನಾನು ಪೂರ್ತಿ ನಂಬಿದವನಲ್ಲ.

ಕೌಜಲಗಿಯ ನೀಲವ್ವ ಎರಡು ಕಪಾಟು ಮಾಡಿಕೊಡಲು ಹೇಳಿದರು. ಗಂಡುಮಕ್ಕಳಿಬ್ಬರೂ ಮನೆ ಪಾಲು ಮಾಡಿಕೊಂಡಿದ್ದರು. ಹಳೆಯ ಕಪಾಟು ಒಂದೇ, ಬೇಕಾದವರು ಇಬ್ಬರು. ಅದನ್ನು ಮಾರಿ ಇಬ್ಬರಿಗೂ ಹೊಸತು ಮಾಡಿಸುವುದೆಂದು ತಾಯಿ ತೀರ್ಮಾನಿಸಿದ್ದರು.

"ಎರಡೂ ಒಂದ ಥರ ಇರಬೇಕ್ರಿ. ಮನಿ ಪಾಲಾಗೇತಿ, ಮಾತು ಇನ್ನೂ ಐತಿ. ಕಪಾಟಿನ ಸಂಬಂಧ ಅದೂ ಹೋಗಬಾರ್ದು ನೋಡ್ರಿ."

"ಕಾಳಜಿ ಮಾಡಬ್ಯಾಡ್ರಿ ಅವ್ವಾರ," ಎಂದೆ. ಊರಿನ ಕಾಳಜಿಯನ್ನೆಲ್ಲ ಗುತ್ತಿಗೆ ಹಿಡಿದವನು ನಾನೇ ಅಲ್ಲವೇ.

ವೆನೀರ್ ಎಂದರೆ ದಿಮ್ಮಿಯನ್ನು ಕಾಗದದಂತೆ ತೆಳ್ಳಗೆ ಸೀಳಿದ ಹಾಳೆ. ಪ್ಲೈವುಡ್ ಮೇಲೆ ಅಂಟಿಸುತ್ತೇವೆ. ಸೀಳಿದ ಕ್ರಮದಲ್ಲೇ ಜೋಡಿಸಿ ಮಾರುತ್ತಾರೆ. ಬೆಳಗಾವಿಗೆ ಹೋಗಿ, ಅಂಚು ಕತ್ತರಿಸಿ ಹೋಗುವುದನ್ನೂ ಲೆಕ್ಕ ಹಿಡಿದು, ಒಂದೇ ತೇಗದ ದಿಮ್ಮಿಯ ಇಪ್ಪತ್ತು ಹಾಳೆ ಆರಿಸಿದೆ. ಒದ್ದೆ ಬಟ್ಟೆ ಸವರಿ ಪಾಲಿಶ್ ಆದ ಮೇಲಿನ ಬಣ್ಣವನ್ನೂ ನೋಡಿದೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ದಾರಿಯಲ್ಲಿ ಕಲಸಿಹೋದರೆ ಎಂಬ ಹೆದರಿಕೆ ಹತ್ತಿತು. ಮೇಲಿನ ಹತ್ತು ಅಣ್ಣನದು, ಕೆಳಗಿನ ಹತ್ತು ತಮ್ಮನದು ಎಂದು ಬೇರೆ ಬೇರೆ ಕಟ್ಟಿಸಿದೆ.

ಪಕ್ಕಪಕ್ಕದ ಹಾಳೆಗಳು ಅವಳಿಗಳಂತಿರುತ್ತವೆ, ನಿಜ. ಆದರೆ ಒಳಗೆ ಇಳಿದಂತೆ ಮರ ಬದಲಾಗುತ್ತ ಹೋಗುತ್ತದೆ. ನನಗದು ಗೊತ್ತಿರಲಿಲ್ಲವೆಂದಲ್ಲ, ಕಟ್ಟಿನ ಗಂಟು ಬಿಚ್ಚಿಕೊಂಡೀತೆಂಬ ಚಿಂತೆಯಲ್ಲಿ ಅದು ನೆನಪಾಗಲಿಲ್ಲ. ಒಂದು ಕಪಾಟು ಮುಗಿಸಿ, ಗೀರು ಬೀಳದಂತೆ ಹೊದಿಸಿಟ್ಟು, ಇನ್ನೊಂದು ಹಿಡಿದೆ. ಎರಡನ್ನೂ ಜೊತೆಗೆ ನೋಡಿದ್ದು ನೀಲವ್ವನ ಅಂಗಳದಲ್ಲೇ. ಅಣ್ಣನದರಲ್ಲಿ ನೆಟ್ಟನೆಯ ಗೆರೆ. ತಮ್ಮನದರಲ್ಲಿ ಸುಳಿ, ನಡುವೆ ಕಪ್ಪು ಗಂಟು.

ಹಿರಿಸೊಸೆ ಮೊದಲು ಬಾಯಿ ತೆಗೆದಳು. "ನಮಗ ಸಪ್ಪಂದು, ಅವರಿಗೆ ನಕ್ಷಿದು. ಚಲೋ ಆತು."

"ನಕ್ಷಿ ಅಲ್ಲಕ್ಕಾ, ಗಂಟು," ಎಂದಳು ಕಿರಿಯವಳು. "ಗಂಟಿನ ಕಟಗಿ ನಮ್ಮ ಪಾಲಿಗೆ."

"ಹಂಗಾದ್ರ ಬದಲಿ ಮಾಡ್ಕೋರಿ," ಎಂದೆ ಆಸೆಯಿಂದ. ಇಬ್ಬರೂ ನನ್ನನ್ನು ಕಳ್ಳನಂತೆ ನೋಡಿದರು. ಹೊಸ ಬಾಗಿಲು ಮಾಡಿಕೊಡುತ್ತೇನೆಂದೆ. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡದೆ ಕಪಾಟು ಒಳಗೆ ಸಾಗಿಸಿಕೊಂಡರು. ಅಂದಿನಿಂದ ಮಾತಿಲ್ಲ.

ಅಂದು ನಾನು ಹೊರಟಾಗ ನೀಲವ್ವ ಬಾಗಿಲತನಕ ಬಂದರು. "ಖರೆ ಹೇಳ್ರಿ, ಎರಡೂ ಒಂದ ಮರದ್ದಾ?"

"ಒಂದ ಮರದ್ದರಿ ಅವ್ವಾರ."

"ಹಂಗಾದ್ರ ನಿಮಗೇನ ಅನ್ನಲಿ," ಎಂದು ಒಳಗೆ ಹೋದರು.

ಈಗ ಜೋಡಿ ಕೆಲಸ ಬಂದರೆ ಹಾಳೆಗಳನ್ನು ಇಸ್ಪೀಟು ಹಂಚಿದಂತೆ ಒಂದು ಇತ್ತ, ಒಂದು ಅತ್ತ ಹಾಕುತ್ತೇನೆ. ಬದಲಾಗುವುದಾದರೂ ಎರಡು ಕಡೆ ಜೊತೆಯಾಗಿ ಬದಲಾಗುತ್ತದೆ. ಕೌಜಲಗಿಯಲ್ಲಿ ಅಣ್ಣನ ಕಪಾಟಿನ ಕೊನೆಯ ಹಾಳೆ ಮತ್ತು ತಮ್ಮನ ಕಪಾಟಿನ ಮೊದಲ ಹಾಳೆ ದಿಮ್ಮಿಯಲ್ಲಿ ಪಕ್ಕಪಕ್ಕ ಇದ್ದವು, ಇಂದಿಗೂ ತದ್ರೂಪ. ಈಗ ನಡುವೆ ಗೋಡೆ ಬಂದಿದೆ. ಅಂದು ಅಂಗಳದಲ್ಲಿ ಅವೆರಡನ್ನಾದರೂ ಬೆರಳಿಟ್ಟು ತೋರಿಸಬೇಕಿತ್ತು.